ಅರವತ್ತಕ್ಕೆ ಒಂದು ಚಮಚ

ವಿಶಾಖಪಟ್ಟಣ
೨ ಜೂನ್ ೨೦೨೫

ಪ್ರೀತಿಯ ಮೇಧಾ,

ಹಾಲಿನ ಪುಡಿಯ ಡಬ್ಬಿಯ ಜೊತೆ ಕಾಗದ ನೋಡಿ ನಗಬೇಡ. ಆಸ್ಪತ್ರೆಯ ವಾರ್ಡಿನೊಳಗೆ ನಾವು ಡಯಟಿಷಿಯನ್ನರು ಫೋನ್ ಒಯ್ಯುವಂತಿಲ್ಲ, ನೀನು ಫೋನ್ ಹಿಡಿದರೆ ನಿನ್ನ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕಿಂತ ಇದೇ ವಾಸಿ. ದಾವಣಗೆರೆಯ ಹಾಸ್ಟೆಲಿನಿಂದ ರಜೆಗೆಂದು ಊರಿಗೆ ಹೋದರೂ ವಾರಕ್ಕೊಂದು ಕಾಗದ ಹಾಕುತ್ತಿದ್ದವರಲ್ಲವೇ ನಾವು!

ಡಿಸ್ಚಾರ್ಜ್ ದಿನ ಆಸ್ಪತ್ರೆ ಕೊಟ್ಟ ಅಚ್ಚಿನ ಹಾಳೆ ತೆಲುಗು, ಇಂಗ್ಲಿಷಿನಲ್ಲಿದೆ. ಅದರ ತುಂಬ ಗ್ರಾಂ, ಕ್ಯಾಲರಿ. ನಿನ್ನ ಅತ್ತೆ ಉಮಾದೇವಿಯವರು ನನ್ನ ಕೈ ಹಿಡಿದುಕೊಂಡು, "ನಂಗೆ ಕನ್ನಡ ಬಿಟ್ರೆ ಒಂದಕ್ಷರ ಬರಲ್ಲ ಕಣಮ್ಮ. ನಮ್ಮೋಳು ಅಂತ ಇಲ್ಲಿರೋಳು ನೀನೊಬ್ಳು, ನೀನೇ ಬರ್ದು ಕೊಡು" ಎಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಹಾಳೆ ಫೈಲಿನಲ್ಲಿರಲಿ. ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸು.

ತೇಜನ ಹೃದಯಕ್ಕೆ ಆಗಿರುವುದು ಮೊದಲ ಆಪರೇಷನ್ ಅಷ್ಟೇ. ಹಾಲು ಚೀಪುವುದೂ ಅವನಿಗೆ ಮೈಮುರಿಯುವ ದುಡಿಮೆ. ದ್ರವ ಹೆಚ್ಚು ಕೊಡುವಂತಿಲ್ಲ, ಶಕ್ತಿ ಮಾತ್ರ ಹೆಚ್ಚು ಬೇಕು. ಹಾಗಾಗಿ ನಿನ್ನ ಹಾಲನ್ನೇ ತೆಗೆದು ಅದಕ್ಕೆ ಈ ಪುಡಿ ಬೆರೆಸಬೇಕು. ಅರವತ್ತು ಮಿಲಿಗೆ ಒಂದು ಚಮಚ. ಡಬ್ಬಿಯೊಳಗಿನ ಚಮಚವೇ ಆಗಬೇಕು, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಬೇಕು. ಮೂರು ಗಂಟೆಗೊಮ್ಮೆ ಕೊಡು. ಅರ್ಧ ಗಂಟೆಗಿಂತ ಹೆಚ್ಚು ಬಾಯಲ್ಲಿ ಕುಡಿಸಬೇಡ, ಹಣೆ ಬೆವರಿದರೆ ನಿಲ್ಲಿಸಿ ಉಳಿದದ್ದನ್ನು ಮೂಗಿನ ನಳಿಕೆಯಲ್ಲಿ ಬಿಡು. ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ ತೂಗು. ದಿನಕ್ಕೆ ಇಪ್ಪತ್ತು ಗ್ರಾಂ ಏರಬೇಕು. ಈಗ ಮೂರು ಕಿಲೋ ನೂರು ಇದ್ದಾನೆ. ಅಕ್ಟೋಬರಿನ ಹೊತ್ತಿಗೆ ಐದು ಕಿಲೋ ಆದರೆ ಎರಡನೇ ಆಪರೇಷನ್. ಐದಾಗದೆ ಡಾಕ್ಟರು ಕೈ ಹಾಕುವುದಿಲ್ಲ.

ಈ ಪುಡಿ ನಿಮ್ಮ ವಿಜಯವಾಡದಲ್ಲಿ ಸಿಗುವುದಿಲ್ಲ. ಮುಗಿಯುವ ಮುಂಚೆ ಆರ್‌ಟಿಸಿ ಬಸ್ಸಿನ ಪಾರ್ಸೆಲ್ಲಿಗೆ ಹಾಕುತ್ತಿರುತ್ತೇನೆ. ಗ್ರಾಂ ಗೀಂ ಎಂದು ತಲೆ ಕೆಡಿಸಿಕೊಳ್ಳಬೇಡ. ಲೆಕ್ಕ ನನ್ನದು, ಕೈ ನಿನ್ನದು.

ನಿನ್ನ
ಶ್ರೀರಕ್ಷಾ


ಪಟಮಟ, ವಿಜಯವಾಡ
೨೪ ಜೂನ್ ೨೦೨೫

ಪ್ರೀತಿಯ ಶ್ರೀ,

ಮೂರು ಕಿಲೋ ಆರುನೂರು! ಬೆಳಿಗ್ಗೆ ತಕ್ಕಡಿ ನೋಡಿ ನಾನು ಕಿರುಚಿದ ಕಿರುಚಿಗೆ ಎದುರುಮನೆಯ ಲಕ್ಷ್ಮೀಕಾಂತಮ್ಮನವರು ಏನಾಯಿತೋ ಎಂದು ಓಡಿ ಬಂದರು. ಮಗುವಿನ ತೂಕ ಎಂದು ತಿಳಿದ ಮೇಲೆ ಅವರೂ ಕಿರುಚಿದರು.

ನಿನ್ನ ಪತ್ರ ಫ್ರಿಜ್ಜಿನ ಮೇಲಿದೆ. ಅತ್ತೆ ಅದಕ್ಕೆ ಕುಂಕುಮ ಹಚ್ಚುವುದೊಂದು ಬಾಕಿ. ನಾನು ಹಾಲು ಬೆರೆಸುವಾಗಲೆಲ್ಲ ಪಕ್ಕ ನಿಂತು "ಅರವತ್ತಕ್ಕೆ ಒಂದು ಚಮಚ, ಮಟ್ಟ" ಎಂದು ಓದುತ್ತಾರೆ. ಎಂಟು ಹೊತ್ತೂ ಓದುತ್ತಾರೆ. ಅವರ ಮಗ ಅನಿರುದ್ಧ್ ಬೆಳಿಗ್ಗೆ ಎಂಟಕ್ಕೇ ಬ್ಯಾಂಕಿನ ಇಬ್ರಾಹಿಂಪಟ್ನಂ ಬ್ರಾಂಚಿಗೆ ಹೊರಟುಬಿಡುತ್ತಾರೆ, ಈ ಪಾರಾಯಣ ತಪ್ಪಿಸಿಕೊಂಡ ಪುಣ್ಯವಂತರು.

ಖಾಲಿ ಡಬ್ಬಿಗಳ ಕಾಗದ ಕಿತ್ತು, ತೊಳೆದು, ರವೆ ತುಂಬಿದ್ದೇವೆ. ಒಂದರ ಚಮಚ ಕಾಫಿಪುಡಿಗೆ ಬಿದ್ದಿದೆ. ಈ ಮನೆಯಲ್ಲಿ ಏನನ್ನಾದರೂ ಬಿಸಾಡುವುದೆಂದರೆ ಕೊಲೆ ಮಾಡಿದ ಹಾಗೆ. ಡಬ್ಬಿ ಹನ್ನೊಂದು ದಿನಕ್ಕೆ ಸರಿಯಾಗಿ ಮುಗಿಯುತ್ತದೆ, ಮರೆಯದೆ ಕಳಿಸು.

ನೀನಿಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ ಶ್ರೀ. ನಿಜವಾಗಿ ಹೇಳುತ್ತಿದ್ದೇನೆ.

ನಿನ್ನ
ಮೇಧಾ


ವಿಶಾಖಪಟ್ಟಣ
೮ ಜುಲೈ ೨೦೨೫

ಮೇಧಾ,

ಅವಸರದಲ್ಲಿದ್ದೇನೆ. ಆ ಕಂಪನಿಯ ಪುಡಿ ಬರುತ್ತಿಲ್ಲ, ಆಸ್ಪತ್ರೆಯವರು ಬೇರೆ ಕಂಪನಿಯದು ತರಿಸಿದ್ದಾರೆ. ಎರಡು ಡಬ್ಬಿ ಇಟ್ಟಿದ್ದೇನೆ. ಒಳಗಿನ ಸರಕು ಒಂದೇ, ಲೆಕ್ಕವೂ ಅದೇ. ಅರವತ್ತಕ್ಕೆ ಒಂದು ಚಮಚ, ಮಟ್ಟ. ಅತ್ತೆಗೆ ಹೇಳು, ಪಾರಾಯಣ ಬದಲಾಯಿಸಬೇಕಾಗಿಲ್ಲ.

ತೇಜನಿಗೊಂದು ಮುತ್ತು.

ಶ್ರೀರಕ್ಷಾ


ಪಟಮಟ
೨೧ ಜುಲೈ ೨೦೨೫

ಶ್ರೀ,

ಮೂರು ಕಿಲೋ ಒಂಬೈನೂರಕ್ಕೆ ಬಂದವನು ಅಲ್ಲೇ ಕೂತಿದ್ದಾನೆ. ಒಂದು ದಿನ ಐದು ಗ್ರಾಂ, ಒಂದು ದಿನ ಹತ್ತು, ನಿನ್ನೆ ಏನೂ ಇಲ್ಲ. ಭೇದಿಯಿಲ್ಲ, ಜ್ವರವಿಲ್ಲ, ಕುಡಿಯುವುದೂ ಮೊದಲಿನಷ್ಟೇ.

ಒಂದು ಮಾತು ಕೇಳುತ್ತೇನೆ, ಬೈಯಬೇಡ. ಹೊಸ ಡಬ್ಬಿಯ ಚಮಚ ಕಣ್ಣಿಗೆ ಸಣ್ಣದು ಅನ್ನಿಸುತ್ತದೆ. ಸ್ವಲ್ಪ ಗೋಪುರ ಮಾಡಿ ಹಾಕಲೇ? ಬೇಗ ಬರೆ.

ಮೇಧಾ


ವಿಶಾಖಪಟ್ಟಣ
೨೫ ಜುಲೈ ೨೦೨೫

ಮೇಧಾ,

ಗೋಪುರ ಮಾಡಬೇಡ! ಗಟ್ಟಿಯಾದರೆ ಭೇದಿ ಹಿಡಿಯುತ್ತದೆ, ನೀರೆಲ್ಲ ಹೋಗಿ ಮಗು ಸೋತುಹೋಗುತ್ತದೆ. ಇಂಥ ಸ್ವಂತ ಬುದ್ಧಿಯಿಂದಲೇ ವಾರ್ಡಿಗೆ ವಾಪಸು ಬರುವ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಲೆಕ್ಕ ನನಗೆ ಬಿಡು ಎಂದಿದ್ದೆನಲ್ಲ, ಬಿಡು.

ನೀನು ನೋಡಬೇಕಾದದ್ದು ಬೇರೆ ಇದೆ. ಹಾಲು ತೆಗೆಯುವಾಗ ಕೊನೆಯ ದಪ್ಪ ಹಾಲು ಬರುವವರೆಗೆ ತೆಗೆಯುತ್ತೀಯೋ, ನಡುವೆಯೇ ಎದ್ದುಬಿಡುತ್ತೀಯೋ? ಹೊತ್ತು ತಪ್ಪುತ್ತಿದೆಯೇ? ನೀನು ಸರಿಯಾಗಿ ಉಣ್ಣುತ್ತಿದ್ದೀಯಾ? ಇವನ್ನು ನಿನ್ನನ್ನು ನೀನೇ ಕೇಳಿಕೋ.

ಶ್ರೀರಕ್ಷಾ


ಪಟಮಟ
೨೦ ಆಗಸ್ಟ್ ೨೦೨೫

ಶ್ರೀರಕ್ಷಾ,

ಕೇಳಿಕೊಂಡೆ. ಈಗ ನಾನೊಬ್ಬಳೇ ಅಲ್ಲ, ಮನೆಯವರೆಲ್ಲ ಕೇಳುತ್ತಿದ್ದಾರೆ. ನಿನ್ನ ಜುಲೈ ಪತ್ರವನ್ನು ಅತ್ತೆ ಮೇಜಿನ ಮೇಲಿಂದ ಎತ್ತಿಕೊಂಡು ಓದಿದರು. ಅಂದಿನಿಂದ ನಾನು ಹಾಲು ತೆಗೆದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. "ನೀರ್ ನೀರಾಗಿದೆ" ಎನ್ನುತ್ತಾರೆ. ಅನಿರುದ್ಧ್ ಬ್ಯಾಂಕಿನಿಂದ ಬಂದವರು ಮೊದಲು ತೂಕದ ಪುಸ್ತಕ ನೋಡಿ ಆಮೇಲೆ ನನ್ನ ಮುಖ ನೋಡುತ್ತಾರೆ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಇನ್ನೊಂದು ವಿಚಿತ್ರ. ಈ ಡಬ್ಬಿ ಮುಗಿಯುವುದೇ ಇಲ್ಲ. ಮೊದಲಿನದು ಹನ್ನೊಂದು ದಿನಕ್ಕೆ ಬರಿದಾಗುತ್ತಿತ್ತು, ಇದು ಇಪ್ಪತ್ತು ದಿನ ಕಳೆದರೂ ತಳ ಕಾಣಲಿಲ್ಲ. ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿ, "ನಾನ್ ಮಧ್ಯಾಹ್ನ ಮಲಗಿದ್ದಾಗ ನೀನ್ ಹಾಲಿಗೆ ಪುಡೀನೇ ಹಾಕ್ತಿಲ್ಲ. ಇಲ್ದಿದ್ರೆ ಇಷ್ಟ್ ದಿನ ಹೆಂಗ್ ಬಂತು?" ಎಂದರು. ಎಂಟು ಹೊತ್ತೂ ಹಾಕಿದ್ದೇನೆ ಶ್ರೀ, ದೇವರಾಣೆ. ಆದರೂ ಡಬ್ಬಿಯಲ್ಲಿ ಪುಡಿ ಇದೆ. ಒಮ್ಮೊಮ್ಮೆ ನಾನೇ ಮರೆತೆನೋ ಎಂದು ಹೆದರಿಕೆಯಾಗುತ್ತದೆ.

ಸೆಪ್ಟೆಂಬರ್ ಎಂಟಕ್ಕೆ ತೋರಿಸಲು ಬರುತ್ತೇವೆ. ನೀನು ಡಾಕ್ಟರ ಕೋಣೆಯಲ್ಲಿ ಇರುತ್ತೀಯಲ್ಲ, ಅದೊಂದೇ ಧೈರ್ಯ.

ಮೇಧಾ


ಪಟಮಟ
೧೧ ಸೆಪ್ಟೆಂಬರ್ ೨೦೨೫

ಶ್ರೀರಕ್ಷಾ,

ನಿಮ್ಮೂರ ಪಕ್ಕದ ದುವ್ವಾಡದಲ್ಲಿ ರೈಲು ಹತ್ತಿದಾಗಿನಿಂದ ವಿಜಯವಾಡದವರೆಗೆ ಅನಿರುದ್ಧ್ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ನಾಲ್ಕು ಕಿಲೋ ಇನ್ನೂರ ಐವತ್ತು. ಅಕ್ಟೋಬರಿಗೆ ಆಪರೇಷನ್ ಇಲ್ಲ, ಐದಾದ ಮೇಲೆ ಬನ್ನಿ ಎಂದರು ಡಾಕ್ಟರು. ಅಲ್ಲಿಯವರೆಗೆ ಆ ಹೃದಯ ತಡೆದೀತೇ ಎಂದು ಅನಿರುದ್ಧ್ ಕೇಳಿದ್ದಕ್ಕೆ ಅವರು ನಿನ್ನ ಕಡೆ ತಿರುಗಿ "ಆಹಾರದ ಹಾಳೆ ಕೊಟ್ಟಿದ್ದೀರಾ?" ಎಂದರು. ನೀನು ಕೊಟ್ಟಿದ್ದೇನೆ ಎಂದೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಮೇಧಾ ಅಂಥವಳಲ್ಲ, ಹೊತ್ತು ತಪ್ಪಿಸುವವಳಲ್ಲ ಎಂದು ಇಷ್ಟು ಹೇಳಿದ್ದರೆ ಸಾಕಿತ್ತು. ನೀನು ತಲೆ ತಗ್ಗಿಸಿ ಫೈಲಿನಲ್ಲಿ ಏನೋ ಬರೆದೆ, ಪೆನ್ನಿಗೆ ಮುಚ್ಚಳ ಹಾಕಿದೆ, ಎದ್ದು ಹೋದೆ. ಬರೆದದ್ದನ್ನು ಅನಿರುದ್ಧ್ ಹೊರಗೆ ಬೆಂಚಿನ ಮೇಲೆ ಕೂತು ಓದಿದರು. "ತಾಯಿ ಮನೆಯಲ್ಲಿ ಸೂಚನೆಗಳನ್ನು ಸರಿಯಾಗಿ ಪಾಲಿಸುತ್ತಿಲ್ಲ."

ಮನೆಗೆ ಬಂದ ಸಂಜೆಯೇ ಅತ್ತೆ ನನ್ನ ಕೈಯಿಂದ ಚಮಚ ತೆಗೆದುಕೊಂಡರು. "ಇನ್ಮೇಲೆ ನೀನ್ ಹಾಲ್ ತೆಗ್ದು ಕೊಟ್ಬಿಡು, ಸಾಕು. ಬೆರ್ಸೋದು, ಕುಡ್ಸೋದು ನಾನ್ ನೋಡ್ಕೋತೀನಿ." ಅನಿರುದ್ಧ್ ಹೂಂ ಎಂದರು. ಈಗ ನಾನು ದಿನಕ್ಕೆ ಎಂಟು ಸಲ ಕೋಣೆಯಲ್ಲಿ ಕೂತು ಹಾಲು ತೆಗೆದು ಲೋಟ ಹೊರಗಿಡುತ್ತೇನೆ. ಕೊಟ್ಟಿಗೆಯ ಹಸುವಾದರೂ ಕರುವಿನ ಮೈ ನೆಕ್ಕುತ್ತದೆ. ನಾನು ಕುಡಿಸುವ ಹೊತ್ತಿಗೆ ಹತ್ತಿರ ಹೋದರೆ ಅತ್ತೆ ಬೆನ್ನು ತಿರುಗಿಸಿ ಕೂರುತ್ತಾರೆ.

ನಾನು ನಿನಗೇನು ಮಾಡಿದ್ದೆ?

ಮೇಧಾ


ವಿಶಾಖಪಟ್ಟಣ
೧೫ ಸೆಪ್ಟೆಂಬರ್ ೨೦೨೫

ಮೇಧಾ,

ಪಾರ್ಸೆಲ್ಲಿನಲ್ಲಿ ನಾಲ್ಕು ಡಬ್ಬಿ ಇವೆ. ಇನ್ನು ಮೇಲೆ ಅರವತ್ತಕ್ಕೆ ಎರಡು ಚಮಚ ಹಾಕಬೇಕು. ತೂಕ ಕಡಿಮೆಯೆಂದು ಡಾಕ್ಟರು ಹೆಚ್ಚಿಸಿದ್ದಾರೆ. ಇವತ್ತಿನಿಂದಲೇ ಶುರುಮಾಡಲು ಅತ್ತೆಗೆ ಹೇಳು.

ಆ ಕೋಣೆಯಲ್ಲಿ ನನ್ನ ಕೈ ಕಟ್ಟಿತ್ತು. ಬೇಜಾರು ಮಾಡಿಕೊಳ್ಳಬೇಡ.

ಶ್ರೀರಕ್ಷಾ


ಪಟಮಟ
೧೮ ಅಕ್ಟೋಬರ್ ೨೦೨೫

ಶ್ರೀರಕ್ಷಾ,

ಒಂದು ತಿಂಗಳಿಂದ ಬರೆಯಲಿಲ್ಲ. ಬರೆಯುವುದೇನೂ ಇರಲಿಲ್ಲ, ಎಲ್ಲ ಶುಭವೇ ಆಗಿತ್ತು. ತೇಜ ದಿನಕ್ಕೆ ಇಪ್ಪತ್ತೈದು ಗ್ರಾಂ ಏರುತ್ತಿದ್ದಾನೆ. ಇವತ್ತಿಗೆ ಐದು ಕಿಲೋ ತೊಂಬತ್ತು. ಕೆನ್ನೆ ತುಂಬಿಕೊಂಡಿದೆ. ನಗುತ್ತಾನೆ, ಅತ್ತೆಯನ್ನು ನೋಡಿ.

ಇದೆಲ್ಲ ಅತ್ತೆಯ ಕೈಗುಣವಂತೆ. ಲಕ್ಷ್ಮೀಕಾಂತಮ್ಮನವರೂ ಅದನ್ನೇ ಹೇಳುತ್ತಾರೆ, ದಸರೆಗೆ ಬಂದಿದ್ದ ಬ್ಯಾಂಕಿನವರ ಹೆಂಡತಿಯರೂ ಹೇಳಿದರು. ಅವರ ಮುಂದೆ ಅತ್ತೆ, "ಅವ್ಳೂ ಪಾಪ ಮಾಡ್ತಿದ್ಲು, ಕೈ ಹತ್ಲಿಲ್ಲ ಅಷ್ಟೆ" ಎಂದು ನನ್ನ ಪರವಾಗಿ ಮಾತಾಡಿದರು. ನಾನು ಎಲ್ಲರಿಗೂ ಕಾಫಿ ತಂದುಕೊಟ್ಟೆ. ಮಗ ಉಳಿದ ಎಂದು ಸಂತೋಷಪಡಬೇಕಾದವಳು, ಅವನ ತೂಕ ಏರಿದಾಗಲೆಲ್ಲ ನನ್ನ ತಪ್ಪು ಸಾಬೀತಾಯಿತಲ್ಲ ಎಂದು ಹೊಟ್ಟೆ ಉರಿಸಿಕೊಂಡೆ. ಇಂಥ ತಾಯಿಯೂ ಇರುತ್ತಾಳೆ ನೋಡು.

ಹೋದ ಸೋಮವಾರ ಮಾವನವರ ಹಳೆಯ ಸ್ನೇಹಿತರೊಬ್ಬರು ಬಂದಿದ್ದರು, ಡಿಕಾಕ್ಷನ್ನಿಗೆ ಕಾಫಿಪುಡಿ ಹಾಕುತ್ತಿದ್ದೆ. ಕಾಫಿಯ ಚಮಚ ಜೂನ್ ತಿಂಗಳಿನದು, ಮೊದಲಿನ ಡಬ್ಬಿಯದು. ಅತ್ತೆ ತೇಜನ ಚಮಚವನ್ನು ತೊಳೆದು ಅದರ ಪಕ್ಕದಲ್ಲೇ ಬೋರಲು ಹಾಕಿದ್ದರು. ಮೂರು ತಿಂಗಳಲ್ಲಿ ಮೊದಲ ಸಲ ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದವು. ಒಂದರ ಹೊಟ್ಟೆಯೊಳಗೆ ಇನ್ನೊಂದು ಕೂರುತ್ತದೆ ಶ್ರೀರಕ್ಷಾ. ಕೂರಿಸಿ ನೋಡಿದೆ. ಡಿಕಾಕ್ಷನ್ ಮರೆತೇಹೋಯಿತು.

ಮಾರನೆಯ ದಿನ ಹೊಸ ಡಬ್ಬಿಯ ಪುಡಿಯನ್ನೇ ಎರಡೂ ಚಮಚದಲ್ಲಿ ಮಟ್ಟ ಮಾಡಿ ಅಳೆದು, ಎರಡು ಕಾಗದದ ಪೊಟ್ಟಣ ಕಟ್ಟಿಕೊಂಡು, ನಮ್ಮ ರಸ್ತೆಯ ತುದಿಯಲ್ಲಿರುವ ದುರ್ಗಾಪ್ರಸಾದ್ ಅವರ ಚಿನ್ನದಂಗಡಿಗೆ ಹೋದೆ. ಮನೆಯ ತಕ್ಕಡಿಯಲ್ಲಿ ಇಷ್ಟು ಸಣ್ಣದು ನಿಲ್ಲುವುದಿಲ್ಲ. "ಇದೇಂಟಮ್ಮಾ, ಪಾಲಪೊಡಾ?" ಎಂದು ಅವರು ನಕ್ಕರು. ಮಗುವಿನ ಹಾಲಿನ ಪುಡಿಯೇ, ತೂಗಿ ಎಂದೆ. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬಳೆ ಉಂಗುರ ತೂಗುವ ತಕ್ಕಡಿಯಲ್ಲಿ ಕಾಗದ ಕಳೆದು ತೂಗಿ ಚೀಟಿಯ ಮೇಲೆ ಬರೆದುಕೊಟ್ಟರು. ಹಳೆಯ ಚಮಚ ನಾಲ್ಕು ಗ್ರಾಂ ನಲವತ್ತು. ಹೊಸದು ಎರಡು ಗ್ರಾಂ ಇಪ್ಪತ್ತು.

ಜುಲೈ ಎಂಟರಿಂದ ಸೆಪ್ಟೆಂಬರ್ ಹದಿನೈದರವರೆಗೆ ನನ್ನ ಮಗ ಅರ್ಧ ಪುಡಿಯಲ್ಲಿ ಬದುಕಿದ್ದಾನೆ. ಡಬ್ಬಿ ಏಕೆ ಮುಗಿಯುತ್ತಿರಲಿಲ್ಲ ಎಂದು ಈಗ ಗೊತ್ತಾಯಿತು. ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಚಮಚದ ತೂಕ ಬರೆದಿದೆ. ನನಗೆ ಇಂಗ್ಲಿಷ್ ಬರುತ್ತದೆ, ಓದಬಹುದಿತ್ತು. ಆ ಅಚ್ಚಿನ ಹಾಳೆಯನ್ನೂ ತೆಗೆದು ನೋಡಬಹುದಿತ್ತು. ನೀನು ಬರೆದಿದ್ದೆಯಲ್ಲ ಎಂದು ಎರಡನ್ನೂ ನೋಡಲಿಲ್ಲ. ಆ ತಪ್ಪು ನನ್ನದು, ಅದನ್ನು ನಾನು ಹೊರುತ್ತೇನೆ.

ನಿನ್ನೆ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರ ಹತ್ತಿರ ಮಾತಾಡಿದೆ. ಸೆಪ್ಟೆಂಬರಿನಲ್ಲಿ ನೀವು ಪುಡಿ ಹೆಚ್ಚಿಸಿದ್ದಿರಂತಲ್ಲ ಎಂದೆ. ತಾನು ಏನನ್ನೂ ಬದಲಾಯಿಸಿಲ್ಲ, ಮೊದಲಿನಿಂದಲೂ ಅದೇ ಗ್ರಾಂ ಎಂದರು.

ನಿನಗೆ ಯಾವಾಗ ಗೊತ್ತಾಯಿತು? ದಿನಾಂಕ ಹೇಳು.

ಮೇಧಾ


ವಿಶಾಖಪಟ್ಟಣ
೨೭ ಅಕ್ಟೋಬರ್ ೨೦೨೫

ಮೇಧಾ,

ಸೆಪ್ಟೆಂಬರ್ ಒಂದು.

ವಾರ್ಡಿನ ಅಡುಗೆಮನೆಯಲ್ಲಿ ಹೊಸ ನರ್ಸೊಬ್ಬಳು ಇದೇ ಡಬ್ಬಿಯಿಂದ ಎರಡೆರಡು ಚಮಚ ಹಾಕುತ್ತಿದ್ದಳು. ನಾನು ಗದರಿದೆ. ಅವಳು ಹಾಳೆ ತೋರಿಸಿ, "ಗ್ರಾಂ ಪ್ರಕಾರ ಎರಡೇ ಆಗುತ್ತೆ ಮೇಡಂ" ಎಂದಳು. ಡಬ್ಬಿ ತಿರುಗಿಸಿ ಚಮಚದ ತೂಕ ಓದಿದೆ. ಇನ್ನೊಂದು ವಾರಕ್ಕೆ ನೀನು ಬರುವವಳಿದ್ದೆ, ಬಂದಾಗ ಒಬ್ಬಳನ್ನೇ ಕರೆದು ಹೇಳೋಣ ಎಂದುಕೊಂಡೆ. ಆ ಕೋಣೆಯಲ್ಲಿ ಡಾಕ್ಟರು ಹಾಳೆಯ ಬಗ್ಗೆ ಕೇಳಿದಾಗ ಕೊಟ್ಟಿದ್ದೇನೆ ಎಂದೆ. ಅಚ್ಚಿನದನ್ನು ಕೊಟ್ಟಿದ್ದೆನಲ್ಲ. ಅಷ್ಟು ಹೇಳಿದ ಮೇಲೆ ಮುಂದಿನದು ಬಾಯಿಗೆ ಬರಲಿಲ್ಲ. ಏನಾದರೂ ಬರೆಯಬೇಕಿತ್ತು, ಬರೆದೆ.

ಬೇರೆ ಯಾವ ಮಗುವಿಗೂ ಹೀಗಾಗಿಲ್ಲ. ಎಲ್ಲರಿಗೂ ಅಚ್ಚಿನ ಹಾಳೆಯೇ, ಗ್ರಾಂ ಲೆಕ್ಕವೇ. ನಿನಗೊಬ್ಬಳಿಗೆ ನಾನು ಕೈಯಾರೆ ಬರೆದೆ, ನಮ್ಮವಳೆಂದು. ಅದನ್ನು ನೆನೆದರೆ ಊಟ ಸೇರುವುದಿಲ್ಲ.

ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ಜನವರಿಯಲ್ಲಿ ಆಗಬೇಕು. ಆಸ್ಪತ್ರೆಯ ಹಾಳೆ ಬಿಟ್ಟು ಸ್ವಂತವಾಗಿ ಬರೆದುಕೊಟ್ಟೆ ಎಂದು ತಿಳಿದರೆ ಅಲ್ಲಿಗೆ ಮುಗಿಯಿತು, ಇನ್ನೆಲ್ಲೂ ಸೇರಿಸಿಕೊಳ್ಳುವುದಿಲ್ಲ. ತೇಜ ಐದು ಕಿಲೋ ದಾಟಿದ್ದಾನೆ, ಆಪರೇಷನ್ ಆಗೇ ಆಗುತ್ತದೆ. ಕೈ ಮುಗಿದು ಕೇಳುತ್ತೇನೆ, ಆ ಪತ್ರಗಳನ್ನು ನನಗೆ ವಾಪಸು ಕಳಿಸಿಬಿಡು. ಜೂನಿನದು, ಜುಲೈಯ ಎರಡು, ಸೆಪ್ಟೆಂಬರಿನದು.

ನಿನ್ನ
ಶ್ರೀ


ಪಟಮಟ
೩ ನವೆಂಬರ್ ೨೦೨೫

ಶ್ರೀರಕ್ಷಾ,

ಸೆಪ್ಟೆಂಬರ್ ಒಂದರಿಂದ ಹದಿನೈದರವರೆಗೆ ಹದಿನಾಲ್ಕು ದಿನ. ದಿನಕ್ಕೆ ಎಂಟರಂತೆ ನೂರ ಹನ್ನೆರಡು ಸಲ ನನ್ನ ಮಗ ಅರ್ಧ ಶಕ್ತಿಯ ಹಾಲು ಕುಡಿದ, ನಿನಗೆ ಗೊತ್ತಿದ್ದೂ. ಜುಲೈಯದು ಕಣ್ತಪ್ಪು. ಯಾರಿಗಾದರೂ ಆಗುತ್ತದೆ, ಅದಕ್ಕೆ ನಾನು ನಿನ್ನನ್ನು ಕ್ಷಮಿಸುತ್ತಿದ್ದೆ. ಈ ಹದಿನಾಲ್ಕು ದಿನವನ್ನು ಕ್ಷಮಿಸುವುದಿಲ್ಲ.

ಮೊದಲು ಅನಿರುದ್ಧ್ ಅವರಿಗೆ ಎಲ್ಲ ತೋರಿಸಿದೆ, ಪತ್ರಗಳನ್ನೂ ಚಿನ್ನದಂಗಡಿಯ ಚೀಟಿಯನ್ನೂ. ಎರಡು ಸಲ ಓದಿದರು. "ಈಗ ಇದನ್ನೆಲ್ಲ ಯಾಕೆ ಕೆದಕ್ತೀಯ? ಮಗು ಚೆನ್ನಾಗಿದೆಯಲ್ಲ. ಅಮ್ಮಂಗೆ ಹೇಳ್ಬೇಡ, ಪಾಪ, ಈ ವಯಸ್ಸಲ್ಲಿ ಅವರಿಗೊಂದು ಸಂತೋಷ ಸಿಕ್ಕಿದೆ" ಎಂದರು. ನಿನಗೆ ನಿನ್ನ ಕೆಲಸ ಉಳಿಯಬೇಕು, ಅವರಿಗೆ ಅಮ್ಮನ ಸಂತೋಷ ಉಳಿಯಬೇಕು. ಇಬ್ಬರಿಗೂ ಸುಲಭವಾಗಿ ಸಿಕ್ಕಿದ್ದು ನನ್ನ ಬಾಯಿ. ಅದಕ್ಕೆ ಬೀಗ ಹಾಕಿದರಾಯಿತು.

ನಾನು ಅತ್ತೆಗೆ ಏನೂ ಹೇಳಲಿಲ್ಲ. ಗಂಡನ ಮಾತು ಮೀರಿಲ್ಲ. ನಿನ್ನ ಜೂನಿನ ಪತ್ರ ಫ್ರಿಜ್ಜಿನ ಬಾಗಿಲ ಮೇಲೆ ಇದ್ದೇ ಇತ್ತು. ಅದರ ಕೆಳಗೆ ಜುಲೈಯ ಎರಡನ್ನೂ ಸೆಪ್ಟೆಂಬರಿನದನ್ನೂ ಮೊನ್ನೆ ಬಂದದ್ದನ್ನೂ ದಿನಾಂಕದ ಪ್ರಕಾರ ಅಂಟಿಸಿ, ಚೀಟಿಯನ್ನು ಕೊನೆಗೆ ಹಚ್ಚಿದೆ. ಅತ್ತೆಗೆ ಕನ್ನಡ ಓದಲು ಬರುತ್ತದೆ. ಅದಕ್ಕೇ ಅಲ್ಲವೇ ನೀನು ಕನ್ನಡದಲ್ಲಿ ಬರೆದದ್ದು?

ನಿನ್ನೆ ಮಧ್ಯಾಹ್ನ ಹಾಲು ಬೆರೆಸಲು ನಿಂತವರು ಓದತೊಡಗಿದರು. ಮೊದಲು ಅಭ್ಯಾಸದಂತೆ ಗಟ್ಟಿಯಾಗಿ, ಆಮೇಲೆ ದನಿಯಿಲ್ಲದೆ. ಪೂರ್ತಿ ಓದಲು ಬಹಳ ಹೊತ್ತು ಹಿಡಿಯಿತು, ಒಳಗೆ ತೇಜ ಅಳುತ್ತಿದ್ದ. "ಅಷ್ಟ್ ದಿನ ಪಕ್ಕದಲ್ಲೇ ನಿಂತ್ಕೊಂಡು ಒಂದು ಒಂದು ಅಂತ ಓದ್ತಿದ್ದೋಳು ನಾನೇ ಅಲ್ವೇನೆ" ಎಂದರು, ನನ್ನ ಕಡೆ ನೋಡದೆ. ನಾನು ಅಲ್ಲ ಎನ್ನಲಿಲ್ಲ. ಚಮಚವನ್ನು ಕಟ್ಟೆಯ ಮೇಲಿಟ್ಟು ದೇವರ ಕೋಣೆಗೆ ಹೋಗಿ ಕೂತರು. ಅವರು ಅತ್ತದ್ದು ಕೇಳಿಸಿತು. ಸಮಾಧಾನ ಮಾಡಲು ಹೋಗಲಿಲ್ಲ. ಕೈ ತೊಳೆದು ಅರವತ್ತಕ್ಕೆ ಎರಡು ಚಮಚ ಬೆರೆಸಿ, ಮಗುವನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡೆ. ಐವತ್ತೈದು ದಿನದ ಮೇಲೆ. ಅವನು ಬಾಯಿ ತೆಗೆಯಲಿಲ್ಲ, ಕತ್ತು ತಿರುಗಿಸಿ ಅವರ ಕೈಯನ್ನು ಹುಡುಕಿದ. ಆಮೇಲೆ ಹಸಿವು ಹೆಚ್ಚಾಗಿ ಕುಡಿದ.

ಪತ್ರಗಳನ್ನು ಕಳಿಸುವುದಿಲ್ಲ. ನವೆಂಬರ್ ಹದಿನೇಳಕ್ಕೆ ಅಡ್ಮಿಟ್ ಆಗಲು ಬರುತ್ತೇವೆ. ಅಷ್ಟರೊಳಗೆ ನೀನೇ ಡಾಕ್ಟರ ಬಳಿ ಹೋಗಿ, ಫೈಲಿನಲ್ಲಿ ನನ್ನ ಮೇಲೆ 'ತಾಯಿ' ಎಂದು ಬರೆದ ಆ ಸಾಲನ್ನು ನಿನ್ನ ಕೈಯಿಂದಲೇ ಹೊಡೆದುಹಾಕಿ ಸಹಿ ಮಾಡು. ಮಾಡಿರದಿದ್ದರೆ ಫ್ರಿಜ್ಜಿನ ಬಾಗಿಲಿನದನ್ನೆಲ್ಲ ಬಿಚ್ಚಿಕೊಂಡು ಬರುತ್ತೇನೆ. ಡಾಕ್ಟರಿಗೆ ಕನ್ನಡ ಬರುವುದಿಲ್ಲ, ನಾನೇ ಓದಿ ಹೇಳುತ್ತೇನೆ. ನಿನ್ನ ಕೆಲಸದ ಮಾತು ನನಗೆ ಅರ್ಥವಾಗುತ್ತದೆ. ನನ್ನ ಕೆಲಸವನ್ನೂ ಕಿತ್ತುಕೊಂಡಿದ್ದರು, ನೀನು ಬರೆದ ಒಂದು ಸಾಲಿನಿಂದ.

ಇನ್ನು ಪಾರ್ಸೆಲ್ಲಿನ ಜೊತೆ ಕಾಗದ ಬೇಡ. ಅಚ್ಚಿನ ಹಾಳೆ ಇಟ್ಟರೆ ಸಾಕು.

ತೇಜ ಐದು ಕಿಲೋ ಮುನ್ನೂರ ಎಂಬತ್ತು ಇದ್ದಾನೆ. ಬೆಳಿಗ್ಗೆ ನಾನೇ ತೂಗಿದೆ.

ಮೇಧಾ
ತೇಜನ ತಾಯಿ